ಕಪ್ಪು ರಿಬ್ಬನ್ನಿನ ಕೆಳಗಿನ ಮುಖ

ಎಲ್ ಆಲ್ಟೊ
ಮಂಗಳವಾರ, ೧೪ ಮೇ ೨೦೧೯

ಪ್ರೀತಿಯ ಮಗ ಗ್ರೋವರ್‌ಗೆ,

ನಿನ್ನ ಕೆಮ್ಮು ಹೇಗಿದೆ? ಲಾರಿ ಓಡಿಸುವ ಮಕಾರಿಯೋ ಹೋದ ವಾರ ನಿಮ್ಮ ಸೇನಾ ಠಾಣೆಗೆ ಸಾಮಾನು ಇಳಿಸಿ ಬಂದವನು, ನೀನು ಚೆನ್ನಾಗಿದ್ದೀಯ, ಆದರೆ ತಲೆ ಬೋಳಿಸಿದ ಮೇಲೆ ನಿನ್ನ ಕಿವಿ ಎರಡೂ ಲಾರಿಯ ಬಾಗಿಲು ತೆರೆದಿಟ್ಟ ಹಾಗೆ ಕಾಣುತ್ತವೆ ಎಂದ. ಅವನ ಮಾತಿನಲ್ಲಿ ಅರ್ಧ ಕಳೆದು ನಂಬಿದ್ದೇನೆ. ಉಪ್ಪಿನ ಬಯಲಿನ ಗಾಳಿ ನಮ್ಮ ಗಾಳಿಯಂತಲ್ಲ, ಎದೆಗೆ ಕೂರುತ್ತದೆ. ರಾತ್ರಿ ಪಹರೆಗೆ ಹಾಕಿದಾಗ ಸಮವಸ್ತ್ರದ ಒಳಗೆ ಅಪ್ಪನ ಹಳೆಯ ಉಣ್ಣೆ ಅಂಗಿ ಹಾಕಿಕೋ, ಯಾರೂ ನೋಡುವುದಿಲ್ಲ. ನಿನ್ನ ಅಪ್ಪ ಕಳಿಸಿದ ಕಾಲುಚೀಲ, ಬಿಸಿಯಾಗಿ ಆಪಿ ಮಾಡಿ ಕುಡಿಯಲು ನೇರಳೆ ಜೋಳದ ಹಿಟ್ಟು, ತನ್ನ ಮದುವೆಯ ವಿಡಿಯೋ ತೆಗೆಯಲು ನಮ್ಮನ್ನೇ ಕರೆಯಬೇಕೆಂದಿರುವ ನಿನ್ನ ಸಾರ್ಜೆಂಟ್‌ಗೆ ನಮ್ಮ ಕೆಲಸ ತೋರಿಸುವ ಯುಎಸ್‌ಬಿ, ಎಲ್ಲ ತಲುಪಿತೇ? ಹಿಟ್ಟನ್ನು ಒಬ್ಬನೇ ಇಟ್ಟುಕೊಳ್ಳಬೇಡ, ನಿನ್ನ ಕೋಣೆಯಲ್ಲಿ ಮಲಗುವ ಹುಡುಗರಿಗೂ ಕೊಡು. ಇಲ್ಲಿ ನಾನು ಕ್ಷೇಮ. ನಿನ್ನ ಅಪ್ಪನ ಮೊಣಕಾಲು ಹಾಗೇ ಇದೆ. ಕ್ಯಾಮೆರಾ ಹಿಡಿದಾಗ ನೋಯುವುದಿಲ್ಲವಂತೆ, ನೆಲ ಒರೆಸುವಾಗ ಮಾತ್ರ ನೋಯುತ್ತದಂತೆ.

ಈಗ ಸುದ್ದಿ. ದೋನ್ಯಾ ಫೋರ್ತುನಾತಾ ನಿನಗೆ ಗೊತ್ತು. ಮೊರೆನಾದಾ ನೃತ್ಯ ಕುಣಿಯುವವರಿಗೆ ಬಟ್ಟೆ ಮಾರುವ, ಬಾಯಿ ಬಿಟ್ಟರೆ ಎರಡು ಚಿನ್ನದ ಹಲ್ಲು ಕಾಣುವ ಹಿರಿಯರು. ಅವರು ಈ ಶುಕ್ರವಾರ ಆಸ್ಪತ್ರೆಯ ಮೇಜಿನ ಮೇಲೆ ಮಲಗುತ್ತಾರೆ, ಹೊಟ್ಟೆಯ ಶಸ್ತ್ರಚಿಕಿತ್ಸೆಗೆ. ಅಷ್ಟರೊಳಗೆ ಅವರ ಮುಖವನ್ನು ನಾವೇ ಮಾಡಿದ ಒಂದು ಚಿತ್ರದ ಕಪ್ಪು ರಿಬ್ಬನ್ನಿನ ಕೆಳಗಿನಿಂದ ತೆಗೆಯಬೇಕಿತ್ತು. ತೆಗೆದಿದ್ದೇನೆ. ಗಾಬರಿಯಾಗಬೇಡ, ರಜೆ ಕೇಳಿ ಓಡಿ ಬರಬೇಡ. ಆದರೆ ಆ ಗಂಟುಗಳನ್ನು ಕಟ್ಟಿದವನು ನೀನು, ಬಿಚ್ಚಿದವಳು ನಾನು. ಆದದ್ದು ಆದ ಕ್ರಮದಲ್ಲೇ ನಿನಗೆ ತಿಳಿದಿರಬೇಕು.

ಹೋದ ವರ್ಷ ನೀನು ಲಿಂಬರ್ಟ್ ತಾರ್ಕಿಯ ಮದುವೆಯ ವಿಡಿಯೋ ಚಿತ್ರ ಮಾಡಿದೆ. ಅವನ ತಾಯಿ ಬಸೀಲಿಯಾ ಆಗಷ್ಟೇ ತೀರಿಕೊಂಡಿದ್ದರು. ಮದುವೆಯ ನಡುವೆ ಅವರ ನೆನಪಿಗೊಂದು ಭಾಗ ಇಟ್ಟೆ. ಎಲ್ಲಕ್ಕಿಂತ ಒಳಗೆ ಬಂಗಾರದ ಹೂಗಳ ಚೌಕಟ್ಟಿನಲ್ಲಿ ಅವರ ಫೋಟೋ, ಅದರ ಹೊರಗೆ ಮೇಣದ ಬತ್ತಿ ಮತ್ತು ಕಪ್ಪು ರಿಬ್ಬನ್, ಅದರ ಹೊರಗೆ ಸಂಗೀತ. ದೃಶ್ಯಗಳ ಒಂದು ಸಾಲನ್ನು ಇನ್ನೊಂದು ಸಾಲಿನೊಳಗೆ ಇಡುವುದಕ್ಕೆ ನೀನು ಗೂಡು ಎನ್ನುತ್ತೀಯ. ನಾನು ಗಂಟು ಎನ್ನುತ್ತೇನೆ. ಸಂತೆಯ ಹೆಂಗಸರು ಚಿಕ್ಕ ಗಂಟನ್ನು ದೊಡ್ಡ ಗಂಟಿನೊಳಗೆ ಸೇರಿಸಿ ಬೆನ್ನಿಗೆ ಹಾಕಿಕೊಳ್ಳುವುದನ್ನು ನೋಡಿ ಬೆಳೆದವಳು ನಾನು. ಕೆಲಸ ಚೆನ್ನಾಗಿತ್ತು. ತಾರ್ಕಿ ಮನೆಯವರೆಲ್ಲ ಅತ್ತರು, ಅಳಬೇಕಾದ ಕಡೆಯೇ ಅತ್ತರು. ಆದರೆ ನೀನು ಎಲ್ಲ ಮದುವೆಗಳನ್ನೂ ಕಂಪ್ಯೂಟರಿನ ಒಂದೇ ಕಡತದೊಳಗೆ ತುಂಬಿಟ್ಟು ಬ್ಯಾರಕ್‌ಗೆ ಹೊರಟುಹೋದೆ. ಹೋಗುವಾಗ ಬಾಗಿಲಲ್ಲಿ ನಿಂತು, "ಅಮ್ಮಾ, ಚೌಕಟ್ಟು ಬೇಕಿದ್ರೆ ಅಲ್ಲೇ ಇದೆ, ತಗೊಂಡು ಫೋಟೋ ಬದಲಾಯಿಸಿದ್ರೆ ಆಯ್ತು" ಎಂದೆ. ನೆನಪಿದೆಯೇ?

ಏಪ್ರಿಲ್‌ನಲ್ಲಿ ದೋನ್ಯಾ ಫೋರ್ತುನಾತಾ ತಮ್ಮ ಮೊಮ್ಮಗಳ ಮದುವೆ ಮಾಡಿದರು. ಎರಡು ವಾದ್ಯದ ತಂಡ, ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಬಿಯರ್ ಪೆಟ್ಟಿಗೆ. ಎಲ್ಲಕ್ಕೂ ಮುಂದೆ ನಿಂತ ಅಜ್ಜಿಗೆ ಚಿತ್ರದಲ್ಲಿ ವಿಶೇಷ ಜಾಗ ಬೇಕೆಂದು ಮೊಮ್ಮಗಳು ಹೇಳಿದಳು. ನಾನು ನಿನ್ನ ಬಂಗಾರದ ಚೌಕಟ್ಟನ್ನು ಹೊಸ ಚಿತ್ರಕ್ಕೆ ಎಳೆದು ತಂದೆ, ತೆರೆದೆ, ಬಸೀಲಿಯಾ ಫೋಟೋ ತೆಗೆದು ದೋನ್ಯಾ ಫೋರ್ತುನಾತಾರ ಫೋಟೋ ಹಾಕಿದೆ, ಹೊರಗೆ ಗುಲಾಬಿ ದಳ ಉದುರಿಸಿದೆ. ಕಂದು ಟೋಪಿ, ಚಿನ್ನದ ಹಲ್ಲು, ನಗು. ಬಹಳ ಚೆನ್ನಾಗಿ ಬಂತು. ನೀನು ಹೇಳಿದ ಹಾಗೆಯೇ ಮಾಡಿದೆ. ನಾನು ಎರಡು ಟೇಪ್ ಯಂತ್ರ ಜೋಡಿಸಿ ಟೇಪಿನಿಂದ ಟೇಪಿಗೆ ಕತ್ತರಿಸುತ್ತಿದ್ದ ಕಾಲದಲ್ಲಿ ನೀನು ಹುಟ್ಟಿರಲಿಲ್ಲ. ಆಗ ಪ್ರತಿ ಎಂದರೆ ಪ್ರತಿ. ಸ್ವಲ್ಪ ಮಸುಕಾಗುತ್ತಿತ್ತು, ಆದರೆ ಇದರಲ್ಲಿ ಕೈ ಆಡಿಸಿದರೆ ಅದು ಅಲುಗಾಡುತ್ತಿರಲಿಲ್ಲ.

ಹೋದ ಶನಿವಾರ ಬಸೀಲಿಯಾ ತೀರಿ ವರ್ಷವಾಯಿತು. ತಾರ್ಕಿ ಮನೆಯವರು ಕಪ್ಪು ಬಟ್ಟೆ ಕಳಚುವ ದಿನ. ಬೆಳಿಗ್ಗೆ ಪೂಜೆ, ಮಧ್ಯಾಹ್ನ ಊಟ, ಆಮೇಲೆ ಮನೆಯವರು ಬಣ್ಣದ ಬಟ್ಟೆ ಉಟ್ಟು ಕುಣಿತ. ಬಟ್ಟೆ ಬದಲಿಸುವ ಮುಂಚೆ ಮದುವೆಯ ಚಿತ್ರದ ಆ ನೆನಪಿನ ಭಾಗವನ್ನು ಎಲ್ಲರೂ ಕೂತು ನೋಡಬೇಕೆಂದು ಲಿಂಬರ್ಟ್ ಆಸೆಪಟ್ಟಿದ್ದ. ಅವನ ಹಳೆಯ ಪ್ರತಿಯನ್ನು ಮಗು ಕಚ್ಚಿ ಹಾಳುಮಾಡಿತ್ತಂತೆ, ಹೊಸದು ಕೇಳಿದ. ನಿನ್ನ ಅಪ್ಪ ಗುರುವಾರ ಮಧ್ಯಾಹ್ನ ಕಡತ ತೆರೆದು ಹೊಸ ಪ್ರತಿ ತೆಗೆದುಕೊಟ್ಟ. ಒಮ್ಮೆ ನೋಡಿದೆಯಾ ಎಂದು ಕೇಳಿದ್ದೆ. "ನೋಡೋದಕ್ಕೇನಿದೆ, ಹೋದ ವರ್ಷವೇ ನೋಡಿ ಅತ್ತಿದ್ವಲ್ಲ, ಇನ್ನೊಂದ್ಸಲ ಅಳೋಕೆ ನನಗೆ ಪುರುಸೊತ್ತಿಲ್ಲ" ಎಂದ.

ಸಭಾಂಗಣದಲ್ಲಿ ದೊಡ್ಡ ಪರದೆ. ಮುಂದಿನ ಸಾಲಿನಲ್ಲಿ ಲಿಂಬರ್ಟ್, ಅವನ ತಂಗಿಯರು, ಅದರ ಹಿಂದೆ ನೃತ್ಯಸಂಘದ ಹಿರಿಯರು, ಅವರ ನಡುವೆ ದೋನ್ಯಾ ಫೋರ್ತುನಾತಾ. ಬಸೀಲಿಯಾ ಅವರ ಜೊತೆ ಇಪ್ಪತ್ತು ವರ್ಷ ಒಂದೇ ಸಾಲಿನಲ್ಲಿ ಕುಣಿದವರು. ಸಂಗೀತ ಶುರುವಾಯಿತು. ಮೇಣದ ಬತ್ತಿ ಬಂತು, ಕಪ್ಪು ರಿಬ್ಬನ್ ಬಂತು, "ಶಾಂತಿಯಿಂದ ನಿದ್ರಿಸು ಅಮ್ಮಾ" ಎಂಬ ಅಕ್ಷರಗಳು ಬಂದವು. ಚೌಕಟ್ಟಿನೊಳಗೆ ಎರಡು ಚಿನ್ನದ ಹಲ್ಲು ಬಿಟ್ಟು ನಗುತ್ತಾ ದೋನ್ಯಾ ಫೋರ್ತುನಾತಾ ಬಂದರು.

ಲಿಂಬರ್ಟನ ಚಿಕ್ಕ ತಂಗಿ ಕೈಯಲ್ಲಿದ್ದ ಬಣ್ಣದ ಶಾಲನ್ನು ಹಾಗೇ ನೆಲಕ್ಕೆ ಬಿಟ್ಟಳು. ಅವಳಿಗೆ ಆ ದಿನ ಅಮ್ಮನ ಮುಖ ನೋಡಬೇಕಿತ್ತು. ನಾನು ಎದ್ದು ಓಡಿ ಹೋಗಿ ನಿಲ್ಲಿಸುವಷ್ಟರಲ್ಲಿ ಹಿಂದಿನ ಸಾಲಿನಿಂದ ಧ್ವನಿ ಬಂತು: "ಅಲ್ಲಪ್ಪಾ, ನಾನು ಯಾವಾಗ ಸತ್ತೆ? ಯಾರೂ ನನಗೆ ಹೇಳಲೇ ಇಲ್ವಲ್ಲ." ಕೆಲವರು ನಕ್ಕರು. ಅವರೂ ನಕ್ಕರು. ಆದರೆ ಅವರ ಕೈ ಟೋಪಿಯ ಅಂಚನ್ನು ಬಿಡಲಿಲ್ಲ. ಊಟ ಮಾಡದೆ ಹೊರಟುಹೋದರು. ಲಿಂಬರ್ಟ್ ಕೂಗಾಡಲಿಲ್ಲ. "ನಿಕೋಲಾಸಾ ಆಂಟಿ, ನಮ್ಮಮ್ಮನ್ನ ಎಲ್ಲಿ ಕಳಿಸಿಬಿಟ್ರಿ?" ಎಂದು ಮೆಲ್ಲಗೆ ಕೇಳಿದ. ಕೂಗಾಡಿದ್ದರೆ ವಾಸಿಯಾಗಿತ್ತು.

ಬದುಕಿರುವವರ ಫೋಟೋಗೆ ಕಪ್ಪು ಕಟ್ಟಿ ಮೇಣದ ಬತ್ತಿ ಹಚ್ಚಿದರೆ ನಮ್ಮ ಬೀದಿಗಳಲ್ಲಿ ಅದಕ್ಕೆ ಒಂದೇ ಅರ್ಥ. ಯಾರೋ ಸಾವು ಕರೆದಿದ್ದಾರೆ ಎಂದು. ನಾನು ಅದನ್ನು ನಂಬುವುದಿಲ್ಲ. ನಿನ್ನ ವಯಸ್ಸಿನಲ್ಲಿ ಸೇಹಾದ ಬಸ್ ನಿಲ್ದಾಣದಲ್ಲಿ ದಿನಪತ್ರಿಕೆ ಮಾರುತ್ತಿದ್ದೆ, ಸತ್ತವರ ಫೋಟೋಗೆ ಬದುಕಿದ್ದವರ ಹೆಸರು ಹಾಕಿ ಅಚ್ಚಾದದ್ದನ್ನು ಕಂಡಿದ್ದೇನೆ. ಮಾರನೇ ದಿನ ತಿದ್ದುಪಡಿ ಬರುತ್ತಿತ್ತು, ಆ ಮನುಷ್ಯ ಬಂದು ಪತ್ರಿಕೆ ಕೊಂಡು ಹೋಗುತ್ತಿದ್ದ. ಆದರೆ ದೋನ್ಯಾ ಫೋರ್ತುನಾತಾ ಪತ್ರಿಕೆ ಓದಿ ಬೆಳೆದವರಲ್ಲ.

ಭಾನುವಾರ ಬೆಳಿಗ್ಗೆ ಅವರೇ ನಮ್ಮ ಸ್ಟುಡಿಯೋಗೆ ಬಂದರು, ಬಟ್ಟೆಗಂಟಿನಲ್ಲಿ ಬೇಯಿಸಿದ ಚುನ್ಯೋ ಆಲೂಗಡ್ಡೆ ಕಟ್ಟಿಕೊಂಡು. ಬೈಯಲು ಬಂದವರು ಊಟ ತರುವುದಿಲ್ಲ ಎಂದು ನನಗೆ ಸ್ವಲ್ಪ ಧೈರ್ಯ ಬಂತು. ನಿನ್ನ ಅಪ್ಪನನ್ನು ಬ್ರೆಡ್ ತರಲು ಕಳಿಸಿ, ಬಾಗಿಲು ಮುಂದೆ ಮಾಡಿ ಹೇಳಿದರು. ಹೊಟ್ಟೆಯಲ್ಲಿ ಗಡ್ಡೆಯಂತೆ. ದೊಡ್ಡ ಮಗಳಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. "ಸಾಯೋದಕ್ಕೆ ಹೆದರಿಕೆ ಇಲ್ಲ ಕಣೇ ನಿಕೋಲಾಸಾ, ಎಲ್ಲರೂ ಹೋಗೋರೇ. ಆದ್ರೆ ಆಗಲೇ ಸತ್ತಿರೋಳ ಹಾಗೆ ಆ ಮೇಜಿನ ಮೇಲೆ ಮಲಗಕ್ಕೆ ನನ್ನಿಂದ ಆಗಲ್ಲ. ಶುಕ್ರವಾರದೊಳಗೆ ನನ್ನನ್ನ ಅಲ್ಲಿಂದ ತೆಗಿ. ಎಲ್ಲಾ ಕಡೆಯಿಂದ. ನಾನು ಇಲ್ಲೇ ಕೂತ್ಕೋತೀನಿ, ನನ್ನ ಕಣ್ಣ ಮುಂದೆ ತೆಗಿ." ನಾನು ಕುರ್ಚಿಗೆ ದಿಂಬು ಹಾಕಿದೆ. ಅವರು ಅಗಲದ ನೆರಿಗೆ ಲಂಗ ಹರಡಿಕೊಂಡು ಕೂತರು. ಕೋಣೆ ತುಂಬಿಹೋಯಿತು.

ಮೊದಲ ಕೆಲಸ ಸುಲಭ ಎಂದುಕೊಂಡೆ. ತಾರ್ಕಿ ಚಿತ್ರ ತೆರೆದು, ರಿಬ್ಬನ್ನಿನ ಗಂಟು ಬಿಚ್ಚಿ, ಅದರೊಳಗಿನ ಚೌಕಟ್ಟು ಬಿಚ್ಚಿ, ದೋನ್ಯಾ ಫೋರ್ತುನಾತಾರನ್ನು ತೆಗೆದು ಬಸೀಲಿಯಾರನ್ನು ಕೂರಿಸಿದೆ. ಸರಿಹೋಯಿತು. "ಬಂದ್ಲು ನೋಡು ನಮ್ಮ ಬಸೀಲಿಯಾ, ಏನು ಚೆಂದ ಇದ್ಲು" ಎಂದು ಅವರು ಕೈ ಮುಗಿದರು. ಇನ್ನು ತಮ್ಮ ಮೊಮ್ಮಗಳ ಮದುವೆ ತೋರಿಸು ಎಂದರು, ಮನಸ್ಸು ಹಗುರವಾಗಲಿ ಎಂದು. ತೋರಿಸಿದೆ. ಕೇಕ್ ಆಯಿತು, ವಾದ್ಯದವರು ಆಯಿತು, ಗುಲಾಬಿ ದಳ ಉದುರಲು ಶುರುವಾಯಿತು, ಬಂಗಾರದ ಚೌಕಟ್ಟಿನೊಳಗೆ ಬಸೀಲಿಯಾ ಕೂತಿದ್ದರು. ಅಷ್ಟರಲ್ಲಿ ಬ್ರೆಡ್ ಹಿಡಿದು ಬಂದ ನಿನ್ನ ಅಪ್ಪ ಬಾಗಿಲಲ್ಲೇ ನಿಂತ. "ಇವಳು ಬದುಕಿದ್ದಾಗ ಕರೆದ್ರೂ ಬರ್ತಿರಲಿಲ್ಲ" ಎಂದರು ದೋನ್ಯಾ ಫೋರ್ತುನಾತಾ, "ಈಗ ಕರೀದೇ ಬಂದಿದ್ದಾಳೆ."

ಮತ್ತೆ ಅವರ ಫೋಟೋ ಇಲ್ಲಿ ಹಾಕಿದೆ. ಅಲ್ಲಿ ಮತ್ತೆ ರಿಬ್ಬನ್ನಿನ ಕೆಳಗೆ ಅವರೇ. ತಕ್ಕಡಿಯಂತೆ, ಒಂದು ತಟ್ಟೆ ಏರಿದರೆ ಇನ್ನೊಂದು ಇಳಿಯುತ್ತದೆ. ಆಗ ನಾನು ಮೌಸ್ ಬಿಟ್ಟು ಆಲೂಗಡ್ಡೆ ತಿನ್ನುತ್ತಾ ಯೋಚಿಸಿದೆ. ತಪ್ಪಿದ್ದದ್ದು ನನ್ನ ಗಂಟಿನ ಲೆಕ್ಕಾಚಾರದಲ್ಲೇ. ಗಂಟು ಒಬ್ಬಳ ಬೆನ್ನಿನ ಮೇಲಿದ್ದರೆ ಇನ್ನೊಬ್ಬಳ ಬೆನ್ನಿನ ಮೇಲಿರುವುದಿಲ್ಲ. ಇದು ಗಂಟಲ್ಲ, ರೇಡಿಯೋ. ಕೇಂದ್ರ ಒಂದು, ಎರಡು ಮನೆಗಳಲ್ಲಿ ಎರಡು ಪೆಟ್ಟಿಗೆ. ಕೇಂದ್ರದಲ್ಲಿ ಹಾಡು ಬದಲಿಸಿದರೆ ಎರಡು ಮನೆಯಲ್ಲೂ ಬದಲಾಗುತ್ತದೆ. ಚೌಕಟ್ಟನ್ನು ನಾನು ಹೊಸ ಚಿತ್ರಕ್ಕೆ ತಂದೆ ಎಂದುಕೊಂಡಿದ್ದೆ. ತಂದದ್ದು ಪೆಟ್ಟಿಗೆಯನ್ನು ಮಾತ್ರ.

ಹಾಗಾದರೆ ಎರಡನೇ ಕೇಂದ್ರ ಬೇಕು. ತಾರ್ಕಿ ಚಿತ್ರದ ನೆನಪಿನ ಭಾಗ ಇಡಿಯಾಗಿ ಒಂದು ಪ್ರತಿ ಮಾಡಿ, ಬೇರೆ ಹೆಸರಿಟ್ಟು, ಅದರೊಳಗೆ ಇಳಿದು ಫೋಟೋ ಬದಲಿಸಿದೆ. ಆಗಲೂ ಮೊಮ್ಮಗಳ ಮದುವೆಯ ಚಿತ್ರದಲ್ಲಿ ಬಸೀಲಿಯಾ ಬಂದರು. ನೀನು ಇದನ್ನು ನನಗೆ ಹೇಳಿಕೊಟ್ಟಿರಲಿಲ್ಲ, ನಾನೇ ಕಂಡುಕೊಂಡೆ. ಹೊರಗಿನದನ್ನು ಎಷ್ಟು ಪ್ರತಿ ಮಾಡಿದರೂ ಒಳಗಿನದು ಅದೇ ಹಳೆಯದು. ಹೊಸ ಪೆಟ್ಟಿಗೆ ಕೊಂಡೆ, ಕೇಂದ್ರ ಹಳೆಯದೇ. ಆದ್ದರಿಂದ ಹೊರಗಿನಿಂದ ಅಲ್ಲ, ಎಲ್ಲಕ್ಕಿಂತ ಒಳಗಿನಿಂದ ಶುರು ಮಾಡಬೇಕು. ತಳಕ್ಕೆ ಇಳಿದು ಬಂಗಾರದ ಚೌಕಟ್ಟಿಗೆ ಎರಡು ಪ್ರತಿ ಮಾಡಿದೆ. ಒಂದಕ್ಕೆ ಬಸೀಲಿಯಾ ಎಂದು ಹೆಸರಿಟ್ಟು ಅವರ ಫೋಟೋ ಹಾಕಿ ರಿಬ್ಬನ್ನಿನ ಗಂಟಿನಲ್ಲಿ ಹಳೆಯದರ ಜಾಗಕ್ಕೆ ಕೂರಿಸಿದೆ. ಇನ್ನೊಂದಕ್ಕೆ ಫೋರ್ತುನಾತಾ ಎಂದು ಹೆಸರಿಟ್ಟು ಗುಲಾಬಿ ದಳದ ಕೆಳಗೆ ಇಟ್ಟೆ. ಮೂಲದ ಚೌಕಟ್ಟಿನಿಂದ ಫೋಟೋ ತೆಗೆದು ಖಾಲಿ ಮಾಡಿ, "ಖಾಲಿ, ಪ್ರತಿ ಮಾಡದೆ ಮುಟ್ಟಬೇಡಿ" ಎಂದು ಬರೆದೆ. ಆ ಬರಹ ನಿನ್ನ ಅಪ್ಪನಿಗೆ. ನಿನಗೂ.

ಮೊಮ್ಮಗಳ ಚಿತ್ರ ನೋಡಿದೆವು, ಅಜ್ಜಿ ನಗುತ್ತಿದ್ದರು. ತಾರ್ಕಿ ಚಿತ್ರ ನೋಡಿದೆವು, ರಿಬ್ಬನ್ನಿನ ಕೆಳಗೆ ಮತ್ತೆ ಅವರೇ. ಈ ಸಲ ಅವರು ನಗಲಿಲ್ಲ. ಕೈ ಹೊಟ್ಟೆಯ ಮೇಲೆ ಹೋಯಿತು. ನನಗೂ ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಚೌಕಟ್ಟು ತೆರೆದರೆ ಒಳಗೆ ಬಸೀಲಿಯಾ ಇದ್ದಾರೆ, ಹೊರಗೆ ಬಂದು ಓಡಿಸಿದರೆ ಇವರು. ಒಳಗೆ ಇಲ್ಲದ್ದು ಹೊರಗೆ ಕಾಣುತ್ತಿದೆ ಎಂದರೆ ಅದು ಈಗಿನ ಚಿತ್ರವಲ್ಲ, ಯಂತ್ರ ಹಿಂದೆಂದೋ ಮಾಡಿಟ್ಟುಕೊಂಡ ತಂಗಳು ಚಿತ್ರ. ಬೇಗ ತೋರಿಸಲೆಂದು ಅದು ಮೊದಲೇ ಬೇಯಿಸಿಟ್ಟುಕೊಳ್ಳುತ್ತದಲ್ಲ, ಅದು. ಆ ತಂಗಳನ್ನೆಲ್ಲ ಅಳಿಸಿ, ಕಂಪ್ಯೂಟರ್ ಆರಿಸಿ, ಮತ್ತೆ ಹಚ್ಚಿದೆ. ಚಿತ್ರ ಓಡಿಸಿದೆ. ಮೇಣದ ಬತ್ತಿ, ಕಪ್ಪು ರಿಬ್ಬನ್, ಬಸೀಲಿಯಾ. ಮತ್ತೆ ಓಡಿಸಿದೆ, ಬಸೀಲಿಯಾ. ದೋನ್ಯಾ ಫೋರ್ತುನಾತಾ ದೊಡ್ಡದಾಗಿ ಉಸಿರು ಬಿಟ್ಟರು. "ಎಷ್ಟು ತಳ್ಳಿದ್ರೂ ಹೋಗಲಿಲ್ವಲ್ಲ ನಾನು" ಎಂದರು. ನಿನ್ನ ಅಪ್ಪ ತಕ್ಷಣ, "ಹೌದು ತಾಯಿ, ಡಾಕ್ಟರಿಗೂ ಇದನ್ನೇ ಹೇಳಿ, ಸುಲಭಕ್ಕೆ ಹೋಗೋ ಹೆಂಗಸಲ್ಲ ಅಂತ" ಎಂದ. ಅವನಿಗೆ ಆಸ್ಪತ್ರೆಯ ವಿಷಯ ಹೇಗೆ ಗೊತ್ತಾಯಿತು ಎಂದು ನಾವಿಬ್ಬರೂ ಅವನತ್ತ ತಿರುಗಿದೆವು. ಬ್ರೆಡ್ ಅಂಗಡಿ ನಮ್ಮ ಬಾಗಿಲಿಗೆ ಬಹಳ ಹತ್ತಿರ ಎಂದ.

ನಿನ್ನೆ ಸೋಮವಾರ ನಾನೇ ತಾರ್ಕಿ ಮನೆಗೆ ಹೋದೆ. ಲಿಂಬರ್ಟ್‌ಗೆ ಹೊಸ ಪ್ರತಿ ಕೊಟ್ಟು, ಅವನ ತಂಗಿಯರ ಜೊತೆ ಕೂತು ಪೂರ್ತಿ ನೋಡಿದೆ. ಚಿಕ್ಕವಳು ಎರಡು ಸಲ ಹಾಕಿಸಿಕೊಂಡಳು. ಆಮೇಲೆ ಒಳಗೆ ಹೋಗಿ ಆ ಬಣ್ಣದ ಶಾಲು ಹೊದ್ದು ಬಂದಳು. ಶನಿವಾರದಿಂದ ಕಪ್ಪಿನಲ್ಲೇ ಇದ್ದಳಂತೆ. ಹಳೆಯ ತಪ್ಪು ಪ್ರತಿಯನ್ನು ಕೈಗೆ ತೆಗೆದುಕೊಂಡೆ. ಸಭಾಂಗಣದವನ ಯಂತ್ರದಲ್ಲಿ ಉಳಿದಿದ್ದನ್ನು ನಿಂತು ಅಳಿಸಿದೆ. ಯಾರೋ ಸೋದರಳಿಯ ಪರದೆಯನ್ನು ಫೋನಿನಲ್ಲಿ ಹಿಡಿದಿದ್ದ, ಅದನ್ನೂ ಅಳಿಸಿದೆ. "ಆಂಟಿ, ತಮಾಷೆಗೆ ಇರ್ಲಿ ಬಿಡಿ" ಎಂದ. ನಿನ್ನ ಫೋಟೋಗೆ ಕಪ್ಪು ಕಟ್ಟಿ ತೋರಿಸಲಾ ತಮಾಷೆಗೆ, ಎಂದು ಕೇಳಿದ ಮೇಲೆ ಫೋನ್ ಕೊಟ್ಟ. ಆ ತಪ್ಪು ಯುಎಸ್‌ಬಿಯನ್ನು ದೋನ್ಯಾ ಫೋರ್ತುನಾತಾ ಕೆಟ್ಟದ್ದನ್ನು ಕಳೆಯುವ ತಮ್ಮ ಯಾತಿರಿಯ ಬಳಿ ಒಯ್ದು, ಲಾಮಾದ ಕೊಬ್ಬು, ಸಕ್ಕರೆಯ ಗೊಂಬೆಗಳ ಜೊತೆ ಕೆಂಡಕ್ಕೆ ಹಾಕಿಸಿದರು. ನಾನೂ ಜೊತೆಗಿದ್ದೆ. ಪ್ಲಾಸ್ಟಿಕ್ ಹೊಗೆಗೆ ಆ ಮುದುಕ ಕೆಮ್ಮಿ ಕೆಮ್ಮಿ, "ಮೊದಲೆಲ್ಲ ಜನ ಕೂದಲು, ಉಗುರು ತರ್ತಿದ್ರು, ಸಲೀಸಾಗಿ ಉರೀತಿತ್ತು" ಎಂದು ಗೊಣಗಿದ. ಮುಗಿದ ಮೇಲೆ ದೋನ್ಯಾ ಫೋರ್ತುನಾತಾ ನನ್ನ ಎರಡೂ ಕೈ ಹಿಡಿದು, "ಇನ್ನೆಲ್ಲೂ ಇಲ್ಲ ತಾನೇ?" ಎಂದು ಕೇಳಿದರು. ಇಲ್ಲ ಎಂದೆ. "ನೀನು ಹೇಳಿದ್ರೆ ಸರಿ, ನೀನು ಸುಳ್ಳು ಹೇಳೋಳಲ್ಲ" ಎಂದರು. ಅವರ ಕೈ ಬೆಚ್ಚಗಿತ್ತು.

ಆದ್ದರಿಂದ ಸ್ಟುಡಿಯೋ ನೆಟ್ಟಗಿದೆ, ನೀನು ನಿಶ್ಚಿಂತೆಯಿಂದ ನಿನ್ನ ವರ್ಷ ಮುಗಿಸು. ನಿನ್ನ ಗೂಡುಗಳನ್ನೆಲ್ಲ ನಾನು ಒಂದೊಂದಾಗಿ ತೆರೆದು, ಯಾವುದು ಯಾವ ಚಿತ್ರಕ್ಕೆ ಸೇರಿದ್ದು ಎಂದು ಹೆಸರಿಡುತ್ತಿದ್ದೇನೆ. "ಹೊಸದು", "ಹೊಸದು ಎರಡು", "ಇದೇ ಕೊನೇದು", "ಇದೇ ನಿಜವಾದ ಕೊನೇದು" ಎಂದೆಲ್ಲ ಹೆಸರಿಟ್ಟಿದ್ದೀಯ. ಸಾರ್ಜೆಂಟ್ ನಿನಗೆ ಬೂಟುಗಳನ್ನು ಸಾಲಾಗಿ ಇಡುವುದು ಕಲಿಸಿದ್ದಾನಂತೆ, ಅವನು ಇದನ್ನೂ ಕಲಿಸಲಿ ಎಂದು ನಿನ್ನ ಅಪ್ಪ ಹೇಳುತ್ತಿದ್ದಾನೆ. ಮಕಾರಿಯೋ ನಾಳೆ ಬೆಳಕು ಹರಿಯುವ ಮುಂಚೆ ಹೊರಡುತ್ತಾನೆ, ಈ ಪತ್ರ ಅವನ ಕೈಯಲ್ಲಿ. ದೋನ್ಯಾ ಫೋರ್ತುನಾತಾರ ಆಸ್ಪತ್ರೆಯ ಮಾತು ನಿನ್ನಲ್ಲೇ ಇರಲಿ.

ಬಿಸಿಯಾಗಿ ಉಣ್ಣು, ದೊಡ್ಡವರಿಗೆ ಎದುರಾಡಬೇಡ, ಚಿಕ್ಕವರ ಮೇಲೆ ಕೈ ಮಾಡಬೇಡ. ಕೋಪಕಬಾನಾದ ದೇವಮಾತೆ ನಿನ್ನ ಎದೆಯನ್ನು ಬೆಚ್ಚಗಿಡಲಿ. ಅಪ್ಪ ನಿನ್ನ ಕಿವಿಗಳಿಗೆ ನಮಸ್ಕಾರ ತಿಳಿಸಿದ್ದಾನೆ.

ನಿನ್ನ ಅಮ್ಮ,
ನಿಕೋಲಾಸಾ

ತಾ.ಕ.: ಲಕೋಟೆ ಅಂಟಿಸುತ್ತಿದ್ದೆ. ಎದುರಿಗೆ ಕೂತಿದ್ದ ನಿನ್ನ ಅಪ್ಪ ಇದ್ದಕ್ಕಿದ್ದಂತೆ ಕಾಫಿ ಲೋಟ ಕೆಳಗಿಟ್ಟು, ಕಾಲುಚೀಲದ ಜೊತೆ ನಿನಗೆ ಕಳಿಸಿದ ಯುಎಸ್‌ಬಿಯಲ್ಲಿ ತಾರ್ಕಿ ಮದುವೆಯೂ ಇದೆ ಎಂದ. ಲಿಂಬರ್ಟ್‌ಗೆ ತೆಗೆದ ಹೊತ್ತಿಗೇ, ಅದೇ ಗುರುವಾರ ಮಧ್ಯಾಹ್ನ ತೆಗೆದದ್ದು. ಅಂದರೆ ಆ ರಿಬ್ಬನ್ ಈಗ ನಿನ್ನ ಪೆಟ್ಟಿಗೆಯಲ್ಲೋ ನಿನ್ನ ಸಾರ್ಜೆಂಟನ ಜೇಬಿನಲ್ಲೋ ಇದೆ. ಚಿತ್ರ ಯಾರನ್ನೂ ಕೊಲ್ಲುವುದಿಲ್ಲ ಎಂದು ನನಗೂ ಗೊತ್ತು, ನಿನಗೂ ಗೊತ್ತು, ಅದು ಬೇರೆ ಮಾತು. ಇನ್ನೆಲ್ಲೂ ಇಲ್ಲ ಎಂದು ಅವರ ಕೈ ಹಿಡಿದು ಹೇಳಿ ಬಂದಿದ್ದೇನೆ. ಸಾರ್ಜೆಂಟನಿಗೆ ಬೇರೆ ಪ್ರತಿ ಈ ಪತ್ರದ ಜೊತೆಗಿದೆ, ಇದನ್ನು ಕೊಟ್ಟು ಅದನ್ನು ಪಡೆದುಕೋ, ಕಾರಣ ಕೇಳಿದರೆ ಅಮ್ಮ ಹೇಳಿದ್ದಾಳೆ ಎನ್ನು. ಅಳಿಸಿದರೆ ಸಾಲದು, ಒಲೆಗೆ ಹಾಕು, ಕರಗುವವರೆಗೆ ನಿಂತು ನೋಡು. ಮಕಾರಿಯೋ ಗೇಟಿನಲ್ಲಿ ಕಾದಿರುತ್ತಾನೆ, ಅವನಿಗೆ ಆಯ್ತು ಎಂದು ಒಂದು ಮಾತು ಹೇಳಿ ಕಳಿಸು. ಶುಕ್ರವಾರ ಬೆಳಿಗ್ಗೆ ಅವರನ್ನು ಒಳಗೆ ಕರೆದೊಯ್ಯುತ್ತಾರೆ. ಅಷ್ಟರೊಳಗೆ ನಾನು ಹೇಳಿದ್ದನ್ನು ನಿಜ ಮಾಡು.